ಕಿಡಿಯ ಜಾಡು

ನೀರಿನ ಮೇಲೆ ಸಾಗುವ ವಿದ್ಯೆಯನ್ನು ಮಾನವನು ಬಹು ಪ್ರಾಚೀನ ಕಾಲದಲ್ಲಿಯೇ ಕಲಿತನು. ಆಳವಿಲ್ಲದ ಕಡೆ ಜಲ್ಲೆಯನ್ನು ಊರಿ, ಆಳವಿದ್ದ ಕಡೆ ಹುಟ್ಟು ಹಾಕಿ, ಗಾಳಿ ಅನುಕೂಲವಾದಾಗ ಹಾಯಿಯನ್ನು ಬಿಚ್ಚಿ ಅವನು ದೋಣಿಯನ್ನು ನಡೆಸಿದನು. ಸಾವಿರಾರು ವರ್ಷಗಳ ಕಾಲ ತೋಳಿನ ಬಲ ಮತ್ತು ಗಾಳಿಯ ಕೃಪೆ ಇವೆರಡೇ ದೋಣಿಯನ್ನು ಮುಂದೂಡುವ ಶಕ್ತಿಗಳಾಗಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಹಬೆಯ ಯಂತ್ರವು ದೊಡ್ಡ ಹಡಗುಗಳಿಗೆ ಬಲವನ್ನು ಕೊಟ್ಟಿತು. ಆದರೆ ಇಬ್ಬರು ಮೂವರು ಕುಳಿತುಕೊಳ್ಳುವ ಸಣ್ಣ ದೋಣಿಗೆ ಆ ಭಾರವನ್ನು ಹೊರುವ ಶಕ್ತಿ ಎಲ್ಲಿಯದು? ಸಣ್ಣ ದೋಣಿಗೂ ಒಪ್ಪುವ, ಬೇಕಾದಾಗ ಬಿಗಿದು ಬೇಡವಾದಾಗ ಬಿಚ್ಚಿ ಹೊತ್ತೊಯ್ಯಬಹುದಾದ ಯಂತ್ರವೊಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದಿತು. ಅದೇ ಔಟ್‌ಬೋರ್ಡ್ ಯಂತ್ರ.

ದೋಣಿಯ ಒಳಗೆ ನೆಲೆಯಾಗಿ ಕೂರದೆ, ಅದರ ಹಿಂಬದಿಯ ಹಲಗೆಗೆ ಹೊರಗಡೆ ಬಿಗಿಯಲ್ಪಡುವುದರಿಂದ ಇದಕ್ಕೆ ಆ ಹೆಸರು ಬಂದಿದೆ. ಇದರ ಮೇಲ್ಭಾಗದಲ್ಲಿ ಪೆಟ್ರೋಲಿನಿಂದ ನಡೆಯುವ ಚಿಕ್ಕ ಎಂಜಿನ್ ಇರುತ್ತದೆ. ಅದರಿಂದ ಕೆಳಕ್ಕೆ ಇಳಿದ ಉದ್ದನೆಯ ಕಾಲಿನೊಳಗೆ ಒಂದು ದಂಡವು ತಿರುಗುತ್ತದೆ. ಕಾಲಿನ ತುದಿಯಲ್ಲಿ, ನೀರಿನ ಒಳಗೆ, ರೆಕ್ಕೆಗಳುಳ್ಳ ಪ್ರೊಪೆಲರ್ ತಿರುಗಿ ನೀರನ್ನು ಹಿಂದಕ್ಕೆ ತಳ್ಳುತ್ತದೆ. ದೋಣಿಯು ಮುಂದಕ್ಕೆ ಸಾಗುತ್ತದೆ. ಇಡೀ ಯಂತ್ರವನ್ನೇ ಅತ್ತಿತ್ತ ಹೊರಳಿಸಿ ದೋಣಿಯ ದಿಕ್ಕನ್ನು ಬದಲಿಸಬಹುದು. ಹುಟ್ಟು ಮತ್ತು ಚುಕ್ಕಾಣಿ ಇವೆರಡರ ಕೆಲಸವನ್ನೂ ಒಂದೇ ಯಂತ್ರವು ಮಾಡುತ್ತದೆ.

ಇಂಥ ಯಂತ್ರವನ್ನು ಜನಸಾಮಾನ್ಯರ ಕೈಗೆ ತಲುಪಿಸಿದವರಲ್ಲಿ ಓಲೆ ಎವಿನ್ರೂಡ್ ಪ್ರಮುಖನು. 1877ರಲ್ಲಿ ನಾರ್ವೆ ದೇಶದಲ್ಲಿ ಜನಿಸಿದ ಈತನು ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದು ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಬೆಳೆದನು. ಅವನ ವಿಷಯದಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಬೇಸಗೆಯ ಒಂದು ದಿನ ಗೆಳೆಯರೊಡನೆ ಸರೋವರಕ್ಕೆ ವಿಹಾರ ಹೋಗಿದ್ದಾಗ, ತಾನು ಮುಂದೆ ಮದುವೆಯಾಗಲಿದ್ದ ಬೆಸ್ ಎಂಬ ತರುಣಿಯ ಅಪೇಕ್ಷೆಯಂತೆ ಎವಿನ್ರೂಡನು ದೋಣಿಗೆ ಹುಟ್ಟು ಹಾಕಿಕೊಂಡು ಐಸ್‌ಕ್ರೀಮ್ ತರಲು ಎದುರು ದಡಕ್ಕೆ ಹೋದನು. ಹಿಂದಿರುಗುವಷ್ಟರಲ್ಲಿ ಬಿಸಿಲಿಗೆ ಅದು ಕರಗಿ ನೀರಾಗಿತ್ತು. ದೋಣಿಗೊಂದು ಸಣ್ಣ ಯಂತ್ರವಿದ್ದರೆ ಎಷ್ಟು ಚೆನ್ನ ಎಂಬ ಯೋಚನೆ ಅಂದು ಹುಟ್ಟಿತೆಂದು ಹೇಳುತ್ತಾರೆ. ಕಥೆ ಹೇಗೇ ಇರಲಿ, 1909ರ ಹೊತ್ತಿಗೆ ಅವನ ಯಂತ್ರವು ಮಾರಾಟಕ್ಕೆ ಬಂದಿತ್ತು. ಅದರ ಶಕ್ತಿ ಒಂದೂವರೆ ಅಶ್ವಶಕ್ತಿ. ತೂಕ ಸುಮಾರು 28 ಕಿಲೋಗ್ರಾಂ. ಇನ್ನು ಹುಟ್ಟುಗಳನ್ನು ಎಸೆದುಬಿಡಿರಿ ಎಂಬ ಅರ್ಥದ ಜಾಹೀರಾತನ್ನು ಬೆಸ್ ಬರೆದಳು. ಯಂತ್ರವು ಬಹು ಬೇಗ ಪ್ರಸಿದ್ಧವಾಯಿತು.

ನಮ್ಮ ದೇಶದ ಪಶ್ಚಿಮ ಕರಾವಳಿಯ ಸಾಂಪ್ರದಾಯಿಕ ದೋಣಿಗಳಿಗೆ ಇಂಥ ಯಂತ್ರಗಳು ಹೆಚ್ಚಾಗಿ ಬಂದದ್ದು 1980ರ ದಶಕದಲ್ಲಿ. ಕರ್ನಾಟಕದ ಕರಾವಳಿಯ ನಾಡದೋಣಿಗಳೂ ಅದರ ಉಪಯೋಗವನ್ನು ಪಡೆದವು. ಪೆಟ್ರೋಲಿನಿಂದ ಚಾಲೂ ಆಗಿ ಕಾವೇರಿದ ಬಳಿಕ ಸೀಮೆಎಣ್ಣೆಯಿಂದ ನಡೆಯುವ ಯಂತ್ರಗಳು ಅಲ್ಲಿ ಬಳಕೆಯಾದವು. ಯಂತ್ರದಿಂದ ಮೀನುಗಾರನ ತೋಳಿಗೆ ಬಿಡುವು ದೊರೆಯಿತು. ಅವನು ಹಿಂದಿಗಿಂತ ದೂರ ಹೋಗಿ ಬೇಗನೆ ಮರಳುವಂತಾಯಿತು. ಆದರೆ ಅನುಕೂಲದ ಜೊತೆಗೇ ಒಂದು ಅಪಾಯವೂ ಬಂದಿತು. ನದಿಯು ಸಮುದ್ರವನ್ನು ಸೇರುವ ಅಳಿವೆಯ ಬಾಯಲ್ಲಿ ಮಳೆಗಾಲದ ಅಲೆಗಳು ಎತ್ತರವಾಗಿ ಏಳುತ್ತವೆ. ಅಲೆಗೆ ಮುಖ ಕೊಟ್ಟು ಸಾಗುವ ದೋಣಿಯು ಅದನ್ನು ಏರಿ ಇಳಿಯಬಲ್ಲದು. ಆ ಗಳಿಗೆಯಲ್ಲಿ ಯಂತ್ರವು ನಿಂತುಹೋದರೆ ದೋಣಿಯು ತಿರುಗಿ ಅಲೆಗೆ ಮಗ್ಗುಲು ಕೊಡುತ್ತದೆ. ಮಗುಚಿಕೊಳ್ಳಲು ಮುಂದಿನ ಒಂದು ಅಲೆಯೇ ಸಾಕು. ರಸ್ತೆಯ ಮೇಲೆ ವಾಹನವು ಕೆಟ್ಟು ನಿಂತರೆ ಪ್ರಯಾಣಿಕನು ಇಳಿದು ನಡೆಯಬಹುದು. ನೀರಿನ ಮೇಲೆ ಯಂತ್ರವು ನಿಂತವನಿಗೆ ಇಳಿಯಲು ಜಾಗವಿಲ್ಲ. ಆದುದರಿಂದ ಯಂತ್ರವು ಏಕೆ ನಿಲ್ಲುತ್ತದೆ, ದೋಷವನ್ನು ಹುಡುಕುವುದು ಹೇಗೆ ಎಂಬ ತಿಳಿವಳಿಕೆಯು ನೀರನ್ನು ನಂಬಿ ಬಾಳುವವರಿಗೆ ಅತ್ಯಗತ್ಯವಾದ ವಿದ್ಯೆ.

ಈ ವಿದ್ಯೆಯನ್ನು ಅರಿಯಲು ಹಳೆಯ ಕಾಲದ ಯಂತ್ರವೇ ಒಳ್ಳೆಯ ಗುರು. 1950 ಮತ್ತು 1960ರ ದಶಕಗಳಲ್ಲಿ ಅಮೆರಿಕದಲ್ಲಿ ತಯಾರಾದ ಎರಡು ಸಿಲಿಂಡರಿನ ಎವಿನ್ರೂಡ್ ಮತ್ತು ಜಾನ್ಸನ್ ಯಂತ್ರಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎವಿನ್ರೂಡ್ ಹೆಸರಿನ ಔಟ್‌ಬೋರ್ಡ್ ಯಂತ್ರಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಆದರೂ ಅರ್ಧ ಶತಮಾನಕ್ಕೂ ಹಿಂದಿನ ಅವುಗಳನ್ನು ಕೆಲವರು ಜೋಪಾನವಾಗಿ ಇಟ್ಟುಕೊಂಡು ಅಲ್ಲಿನ ಸರೋವರಗಳಲ್ಲಿ ಇಂದಿಗೂ ನಡೆಸುತ್ತಾರೆ. ಅವುಗಳ ಸಣ್ಣ ಮಾದರಿಗಳಿಗೆ ಬ್ಯಾಟರಿ ಬೇಕಾಗಿಲ್ಲ. ಎಲ್ಲ ಭಾಗಗಳೂ ಕಣ್ಣಿಗೆ ಕಾಣುವಂತಿವೆ; ಕಾರ್ಯಕಾರಣ ಸಂಬಂಧವನ್ನು ಬೆರಳಿಟ್ಟು ತೋರಿಸಬಹುದು.

ಪೆಟ್ರೋಲ್ ಎಂಜಿನ್ ನಡೆಯಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಗಾಳಿ ಮತ್ತು ಪೆಟ್ರೋಲಿನ ಆವಿ ತಕ್ಕ ಪ್ರಮಾಣದಲ್ಲಿ ಬೆರೆತು ಸಿಲಿಂಡರನ್ನು ಸೇರಬೇಕು. ಪಿಸ್ಟನ್ ಮೇಲೇರಿ ಆ ಮಿಶ್ರಣವನ್ನು ಬಲವಾಗಿ ಒತ್ತಬೇಕು. ಒತ್ತಿದ ಮಿಶ್ರಣಕ್ಕೆ ತಕ್ಕ ಸಮಯದಲ್ಲಿ ಕಿಡಿ ತಗುಲಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಎಂಜಿನ್ ನಿಲ್ಲುತ್ತದೆ. ಯಂತ್ರವು ನಿಂತೊಡನೆ ಕೈಗೆ ಸಿಕ್ಕ ತಿರುಪನ್ನೆಲ್ಲ ಬಿಚ್ಚತೊಡಗುವವನು ಸಾಮಾನ್ಯವಾಗಿ ಇದ್ದ ಒಂದು ದೋಷಕ್ಕೆ ಹೊಸ ದೋಷಗಳನ್ನು ಸೇರಿಸುತ್ತಾನೆ. ಕಿಡಿಯಿಲ್ಲದೆ ನಿಂತ ಯಂತ್ರದ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಯುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮೊದಲು ರೋಗವಾವುದೆಂದು ತಿಳಿಯಬೇಕು, ಔಷಧ ಅನಂತರ.

ರೋಗವನ್ನು ತಿಳಿಯಲು ಆರೋಗ್ಯದ ಸ್ಥಿತಿ ಹೇಗಿರುತ್ತದೆಂಬುದು ಗೊತ್ತಿರಬೇಕಷ್ಟೆ. ಬ್ಯಾಟರಿಯಿಲ್ಲದ ಯಂತ್ರದಲ್ಲಿ ಕಿಡಿಯು ಎಲ್ಲಿಂದ ಬರುತ್ತದೆ? 1831ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆಯು ಒಂದು ಮಹತ್ತ್ವದ ಸಂಗತಿಯನ್ನು ಕಂಡುಹಿಡಿದನು. ತಂತಿಯ ಸುರುಳಿಯ ಬಳಿ ಅಯಸ್ಕಾಂತವು ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಈ ತತ್ತ್ವದ ಮೇಲೆ ಕೆಲಸ ಮಾಡುವ ಮ್ಯಾಗ್ನೆಟೊ ಎಂಬ ಸಾಧನವನ್ನು ಎಂಜಿನ್‌ಗಳಿಗೆ ಒಪ್ಪುವಂತೆ ರೂಪಿಸಿದವರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಒಬ್ಬನು. ಅವನ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರನು 1902ರಲ್ಲಿ ಹೆಚ್ಚಿನ ವೋಲ್ಟಿನ ಮ್ಯಾಗ್ನೆಟೊವನ್ನು ಸಿದ್ಧಪಡಿಸಿದನು. ಹಳೆಯ ಔಟ್‌ಬೋರ್ಡ್ ಯಂತ್ರದ ತಲೆಯಲ್ಲಿರುವುದು ಅದೇ ಕುಲದ ಸಾಧನ.

ಎಂಜಿನ್ನಿನ ನೆತ್ತಿಯ ಮೇಲೆ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಹಗ್ಗವನ್ನು ಎಳೆದಾಗ ತಿರುಗುವುದು ಇದೇ. ಇದರ ಒಳಮೈಯಲ್ಲಿ ಅಯಸ್ಕಾಂತವನ್ನು ಕೂರಿಸಿರುತ್ತಾರೆ. ಚಕ್ರದ ಅಡಿಯಲ್ಲಿ ಒಂದು ತಟ್ಟೆ. ತಟ್ಟೆಯ ಮೇಲೆ ಕಾಯಿಲ್, ಪಾಯಿಂಟು, ಕಂಡೆನ್ಸರ್ ಎಂಬ ಮೂರು ಭಾಗಗಳು. ಎರಡು ಸಿಲಿಂಡರಿನ ಯಂತ್ರದಲ್ಲಿ ಈ ಮೂರರ ಎರಡು ಪ್ರತ್ಯೇಕ ಜೊತೆಗಳಿರುತ್ತವೆ. ಕಾಯಿಲಿನಲ್ಲಿ ಎರಡು ಸುರುಳಿಗಳಿವೆ. ಒಳಗಿನದು ದಪ್ಪ ತಂತಿಯ, ಕಡಿಮೆ ಸುತ್ತುಗಳ ಸುರುಳಿ. ಅದರ ಮೇಲೆ ಕೂದಲಿನಂಥ ಸಣ್ಣ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಪಾಯಿಂಟುಗಳೆಂದರೆ ಒಂದನ್ನೊಂದು ಮುಟ್ಟಿಕೊಂಡಿರುವ ಎರಡು ಪುಟ್ಟ ಲೋಹದ ಗುಂಡಿಗಳು. ಅವು ಕೂಡಿರುವಾಗ ಒಳಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಪ್ರವಾಹವು ಪ್ರಬಲವಾಗಿರುವ ಕ್ಷಣಕ್ಕೆ ಸರಿಯಾಗಿ, ದಂಡದ ಮೇಲಿನ ಉಬ್ಬು ಬಂದು ಪಾಯಿಂಟುಗಳನ್ನು ಬೇರ್ಪಡಿಸುತ್ತದೆ.

ಆಗ ಏನಾಗುತ್ತದೆಂಬುದನ್ನು ನೀರಿನ ದೃಷ್ಟಾಂತದಿಂದ ತಿಳಿಯಬಹುದು. ಉದ್ದನೆಯ ಕೊಳವೆಯಲ್ಲಿ ರಭಸದಿಂದ ಹರಿಯುತ್ತಿರುವ ನೀರನ್ನು ನಲ್ಲಿ ಮುಚ್ಚಿ ಥಟ್ಟನೆ ತಡೆದರೆ ಕೊಳವೆಯು ಅದುರಿ ಸದ್ದು ಮಾಡುತ್ತದೆ. ಹರಿಯುವ ನೀರಿನ ವೇಗವು ಒಮ್ಮೆಲೇ ಒತ್ತಡವಾಗಿ ಮಾರ್ಪಡುವುದೇ ಇದರ ಕಾರಣ. ಒಳಸುರುಳಿಯ ಪ್ರವಾಹವು ಥಟ್ಟನೆ ಕಡಿದಾಗಲೂ ಅದರ ಕಾಂತಕ್ಷೇತ್ರವು ಕುಸಿದು, ಹೊರಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡವು ಹುಟ್ಟುತ್ತದೆ. ಆ ಒತ್ತಡವು ದಪ್ಪ ರಬ್ಬರು ಹೊದಿಸಿದ ತಂತಿಯ ಮೂಲಕ ಪ್ಲಗ್ಗಿಗೆ ಬಂದು, ಅದರ ತುದಿಯ ಸಂದನ್ನು ಕಿಡಿಯಾಗಿ ದಾಟುತ್ತದೆ. ಪಾಯಿಂಟುಗಳು ಬೇರ್ಪಡುವಾಗ ಪ್ರವಾಹವು ಅವುಗಳ ನಡುವೆಯೇ ಜಿಗಿದು ಕಿಡಿಯಾಗಿ ವ್ಯರ್ಥವಾಗಬಾರದಲ್ಲವೇ? ಅದಕ್ಕಾಗಿ ಕಂಡೆನ್ಸರ್ ಇದೆ. ಉಕ್ಕಿದ ನೀರನ್ನು ಪಕ್ಕದ ಗುಂಡಿಯು ಹೀರಿಕೊಳ್ಳುವಂತೆ, ಅದು ಆ ಕ್ಷಣದ ಹೆಚ್ಚುವರಿ ವಿದ್ಯುತ್ತನ್ನು ತನ್ನಲ್ಲಿ ತುಂಬಿಕೊಂಡು ಪಾಯಿಂಟುಗಳನ್ನು ಕಾಪಾಡುತ್ತದೆ. ನಿಮಿಷಕ್ಕೆ 4,000 ಸುತ್ತು ತಿರುಗುವ ಇಂಥ ಎಂಜಿನ್ನಿನಲ್ಲಿ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 66ಕ್ಕೂ ಹೆಚ್ಚು ಬಾರಿ ಕಿಡಿ ಕಾರಬೇಕು.

ಅಯಸ್ಕಾಂತ, ಕಾಯಿಲ್, ಪಾಯಿಂಟು, ಕಂಡೆನ್ಸರ್, ತಂತಿ, ಪ್ಲಗ್ — ಇದೇ ಕಿಡಿಯ ಹಾದಿ. ಹುಡುಕಾಟವು ಈ ಹಾದಿಯನ್ನು ಹಿಂದುಮುಂದಾಗಿ ಹಿಡಿಯಬೇಕು. ಅಂದರೆ ಪ್ಲಗ್ಗಿನಿಂದ ಆರಂಭವಾಗಿ ಅಯಸ್ಕಾಂತದ ಕಡೆಗೆ ಸಾಗಬೇಕು. ಇದಕ್ಕೆ ಎರಡು ಕಾರಣಗಳಿವೆ. ಪ್ಲಗ್ಗು ಹೊರಗಡೆಯೇ ಇದ್ದು ಸುಲಭವಾಗಿ ಬಿಚ್ಚಲು ಬರುತ್ತದೆ ಎಂಬುದು ಒಂದು. ಬೆಂಕಿ, ಎಣ್ಣೆ, ಮಸಿ ಇವುಗಳ ನಡುವೆ ಕೆಲಸ ಮಾಡುವ ಅದೇ ಎಲ್ಲಕ್ಕಿಂತ ಬೇಗ ಕೆಡುತ್ತದೆ ಎಂಬುದು ಇನ್ನೊಂದು.

ಬಿಚ್ಚಿದ ಪ್ಲಗ್ಗು ಎಂಜಿನ್ನಿನ ಒಳಗಿನ ಸಮಾಚಾರವನ್ನು ತಿಳಿಸುತ್ತದೆ. ಹಲವು ಸಲ ಹಗ್ಗ ಎಳೆದ ಮೇಲೂ ಅದರ ತುದಿ ಒಣಗಿದ್ದರೆ ಪೆಟ್ರೋಲು ಸಿಲಿಂಡರನ್ನು ತಲುಪುತ್ತಿಲ್ಲವೆಂದು ತಿಳಿಯಬೇಕು. ಆಗ ಕಿಡಿಯನ್ನು ಹುಡುಕುವ ಮೊದಲು ಪೆಟ್ರೋಲಿನ ದಾರಿಯನ್ನು ನೋಡಬೇಕು. ತುದಿ ಒದ್ದೆಯಾಗಿ ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಇಂಧನ ಬಂದಿದೆ, ಉರಿದಿಲ್ಲ ಎಂದು ಅರ್ಥ. ಸಂದೇಹವು ಕಿಡಿಯ ಕಡೆಗೆ ತಿರುಗುತ್ತದೆ. ಇಂಥ ಎಂಜಿನ್‌ಗಳಲ್ಲಿ ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸುವುದರಿಂದ ಪ್ಲಗ್ಗಿನ ತುದಿಯಲ್ಲಿ ಜಿಡ್ಡೂ ಮಸಿಯೂ ಕಟ್ಟಿಕೊಳ್ಳುತ್ತವೆ. ಮಸಿಯು ವಿದ್ಯುತ್ತಿಗೆ ದಾರಿ ಕೊಡುವ ವಸ್ತು. ಸಂದನ್ನು ಜಿಗಿಯಬೇಕಾದ ವಿದ್ಯುತ್ತು ಮಸಿಯ ಸೇತುವೆಯ ಮೇಲೆ ಸದ್ದಿಲ್ಲದೆ ನಡೆದುಹೋಗುತ್ತದೆ, ಕಿಡಿ ಹುಟ್ಟುವುದಿಲ್ಲ. ತುದಿಯ ಸಂದು ಈ ಯಂತ್ರಗಳಲ್ಲಿ ಸುಮಾರು 0.75 ಮಿಲಿಮೀಟರ್ ಇರಬೇಕು. ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪ್ಲಗ್ಗು ನಿರುಪಯುಕ್ತ. ಎಷ್ಟೋ ಸಂದರ್ಭಗಳಲ್ಲಿ ಹೊಸ ಪ್ಲಗ್ಗನ್ನು ಹಾಕಿದೊಡನೆ ಹುಡುಕಾಟವು ಮುಗಿದುಹೋಗುತ್ತದೆ.

ಮುಗಿಯದಿದ್ದರೆ, ಪ್ಲಗ್ಗಿನವರೆಗೆ ಕಿಡಿಯ ಬಲವು ಬರುತ್ತಿದೆಯೇ ಎಂದು ಪರೀಕ್ಷಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಪ್ಲಗ್ಗನ್ನು ಹೊರಗೆ ಇಟ್ಟು ಹಗ್ಗ ಎಳೆದಾಗ ಅದರ ತುದಿಯಲ್ಲಿ ಕಿಡಿ ಕಂಡರೆ ಅನೇಕರು ತೃಪ್ತರಾಗುತ್ತಾರೆ. ಆದರೆ ಸಿಲಿಂಡರಿನ ಒಳಗೆ ಗಾಳಿಯು ಒತ್ತಿಕೊಂಡಿರುತ್ತದೆ. ಒತ್ತಿದ ಗಾಳಿಯನ್ನು ಸೀಳಿ ಜಿಗಿಯಲು ಕಿಡಿಗೆ ಹೆಚ್ಚಿನ ಬಲ ಬೇಕು. ಬಯಲಿನಲ್ಲಿ ಹಾರಿದ ದುರ್ಬಲ ಕಿಡಿಯು ಒಳಗೆ ಹಾರದೆ ಹೋಗಬಹುದು. ಆದುದರಿಂದ ಪರೀಕ್ಷೆಯ ಸಂದನ್ನು ಸುಮಾರು 6 ಮಿಲಿಮೀಟರ್ ಅಗಲವಾಗಿ ಇಡುತ್ತಾರೆ. ಅದಕ್ಕೆಂದೇ ಮಾಡಿದ ಚಿಕ್ಕ ಉಪಕರಣವು ದೊರೆಯುತ್ತದೆ. ಅದರ ಒಂದು ತುದಿಯನ್ನು ಪ್ಲಗ್ಗಿನ ತಂತಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಸೇರಿಸಿ ಹಗ್ಗವನ್ನು ಜೋರಾಗಿ ಎಳೆಯಬೇಕು. ನೀಲಿ ಬಣ್ಣದ ಕಿಡಿಯು ಚಟಪಟನೆ ಸದ್ದು ಮಾಡುತ್ತ ಆ ಸಂದನ್ನು ದಾಟಿದರೆ ಕಿಡಿಯು ಆರೋಗ್ಯವಾಗಿದೆ. ಹಳದಿಯಾಗಿ, ಕ್ಷೀಣವಾಗಿ, ಬಿಟ್ಟು ಬಿಟ್ಟು ಹಾರಿದರೆ ಹಾದಿಯಲ್ಲಿ ಎಲ್ಲಿಯೋ ಸೋರಿಕೆಯಿದೆ.

ಈ ಪರೀಕ್ಷೆಯಲ್ಲಿ ಎಚ್ಚರಿಕೆಯು ಮುಖ್ಯ. ಬಿಚ್ಚಿದ ಪ್ಲಗ್ಗಿನ ತೂತಿನಿಂದ ಪೆಟ್ರೋಲಿನ ಆವಿಯು ಹೊರಬರುತ್ತದೆ. ಕಿಡಿಯು ಅದರಿಂದ ದೂರದಲ್ಲಿಯೇ ಹಾರಬೇಕು. ಪೆಟ್ರೋಲು ಚೆಲ್ಲಿದ ಜಾಗದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು. ತಂತಿಯನ್ನು ಬರಿಗೈಯಲ್ಲಿ ಹಿಡಿದವನಿಗೆ ತೀವ್ರವಾದ ಆಘಾತವಾಗುತ್ತದೆ. ತಂತಿಯನ್ನು ಯಾವುದಕ್ಕೂ ಸೇರಿಸದೆ ಗಾಳಿಯಲ್ಲಿ ತೂಗಬಿಟ್ಟು ಹಗ್ಗ ಎಳೆಯುವುದೂ ತಪ್ಪು. ಹೊರಗೆ ದಾರಿ ಕಾಣದ ವಿದ್ಯುತ್ತು ಕಾಯಿಲಿನ ಒಳಗೇ ದಾರಿ ಮಾಡಿಕೊಂಡು ಅದನ್ನು ಸುಟ್ಟುಬಿಡಬಹುದು. ಇಂಥ ಕೆಲಸವನ್ನು ಬಲ್ಲ ಹಿರಿಯರ ಎದುರಿನಲ್ಲಿಯೇ ಮಾಡುವುದು ಕಿರಿಯರಿಗೆ ಕ್ಷೇಮ.

ಕಿಡಿಯು ಇಲ್ಲವೆಂದು ಖಚಿತವಾದ ಮೇಲೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಅದು ಒಂದು ಸಿಲಿಂಡರಿಗೆ ಇಲ್ಲವೋ, ಎರಡಕ್ಕೂ ಇಲ್ಲವೋ? ಉತ್ತರವು ಅರ್ಧದಷ್ಟು ಶ್ರಮವನ್ನು ಉಳಿಸುತ್ತದೆ. ಎರಡು ಸಿಲಿಂಡರುಗಳಿಗೂ ಬೇರೆ ಬೇರೆ ಕಾಯಿಲ್, ಪಾಯಿಂಟು, ಕಂಡೆನ್ಸರುಗಳಿವೆಯಷ್ಟೆ. ಒಂದರಲ್ಲಿ ಮಾತ್ರ ಕಿಡಿಯಿಲ್ಲದಿದ್ದರೆ ದೋಷವು ಆ ಜೊತೆಯಲ್ಲಿಯೇ ಇರಬೇಕು. ಎರಡು ಕಾಯಿಲುಗಳು ಒಂದೇ ಗಳಿಗೆಯಲ್ಲಿ ಸಾಯುವುದು ಅಪರೂಪ. ಆದುದರಿಂದ ಓಡುತ್ತಿದ್ದ ಯಂತ್ರದ ಎರಡು ಕಿಡಿಗಳೂ ಒಮ್ಮೆಲೇ ಮಾಯವಾದರೆ ಎರಡಕ್ಕೂ ಸಮಾನವಾದ ಕಾರಣವನ್ನು ಹುಡುಕಬೇಕು. ಕೆಲವು ಮಾದರಿಗಳಲ್ಲಿ ಯಂತ್ರವನ್ನು ನಿಲ್ಲಿಸಲು ಒಂದು ಸ್ವಿಚ್ಚು ಇರುತ್ತದೆ. ಕಾಯಿಲಿನ ವಿದ್ಯುತ್ತನ್ನು ಎಂಜಿನ್ನಿನ ಲೋಹಕ್ಕೆ ಹರಿಯಬಿಟ್ಟು ಕಿಡಿಯನ್ನು ಅಡಗಿಸುವುದೇ ಅದರ ಕೆಲಸ. ಆ ಸ್ವಿಚ್ಚು ಕೆಟ್ಟು ಅಂಟಿಕೊಂಡರೆ, ಅಥವಾ ಅದರ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗುಲಿದರೆ, ಯಾರೂ ನಿಲ್ಲಿಸದೆಯೇ ಯಂತ್ರವು ನಿಂತುಬಿಡುತ್ತದೆ. ಸ್ವಿಚ್ಚಿನ ತಂತಿಯನ್ನು ಬೇರ್ಪಡಿಸಿ ಮತ್ತೆ ಪರೀಕ್ಷಿಸಿದಾಗ ಕಿಡಿ ಬಂದರೆ ಕಳ್ಳನು ಸಿಕ್ಕಂತೆಯೇ. ಇನ್ನು, ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದಲ್ಲಿ ಎರಡೂ ಕಿಡಿಗಳು ಇಲ್ಲದಿದ್ದರೆ, ಎರಡು ಜೊತೆ ಪಾಯಿಂಟುಗಳೂ ಕಿಲುಬು ಹಿಡಿದಿರುವುದು ಸಂಭವನೀಯ.

ಬಿಚ್ಚುವ ಮೊದಲು ಕಣ್ಣಿನ ಪರೀಕ್ಷೆಯೂ ನಡೆಯಲಿ. ಸಮುದ್ರದ ಗಾಳಿಯಲ್ಲಿ ಉಪ್ಪಿದೆ. ಅದು ಪ್ಲಗ್ಗಿನ ಪಿಂಗಾಣಿಯ ಮೇಲೂ ತಂತಿಯ ಮೇಲೂ ತೆಳುವಾಗಿ ಕೂತು ತೇವವನ್ನು ಹೀರುತ್ತದೆ. ಒದ್ದೆಯಾದ ಉಪ್ಪು ವಿದ್ಯುತ್ತಿಗೆ ಒಳ್ಳೆಯ ದಾರಿ. ಕಿಡಿಯು ಪ್ಲಗ್ಗಿನ ಒಳಗೆ ಹೋಗುವ ಬದಲು ಅದರ ಹೊರಮೈಯ ಮೇಲೆ ಜಾರಿ ಲೋಹವನ್ನು ಸೇರುತ್ತದೆ. ಇದಕ್ಕೆ ಬೇಕಾದ ಔಷಧವು ಒಣಗಿದ ಬಟ್ಟೆಯಷ್ಟೇ. ತಂತಿಯ ರಬ್ಬರು ಬಿರಿದಿದ್ದರೆ ಮಬ್ಬುಗತ್ತಲೆಯಲ್ಲಿ ಆ ಬಿರುಕಿನಿಂದ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ.

ಇಷ್ಟಾದರೂ ದೋಷವು ಸಿಗದಿದ್ದರೆ ಫ್ಲೈವೀಲನ್ನು ಎತ್ತಬೇಕು. ಅದನ್ನು ಎಳೆಯಲು ತಕ್ಕ ಉಪಕರಣವಿದೆ. ಸುತ್ತಿಗೆಯಿಂದ ಬಡಿದು ಬಿಡಿಸಿದರೆ ದಂಡವೇ ಹಾಳಾದೀತು. ಕೆಳಗಿನ ತಟ್ಟೆ ಕಂಡೊಡನೆ ಮೊದಲು ಪಾಯಿಂಟುಗಳನ್ನು ನೋಡಬೇಕು. ಯಂತ್ರವು ಬಹುಕಾಲ ಸುಮ್ಮನಿದ್ದರೆ ಅವುಗಳ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಮೇಲುನೋಟಕ್ಕೆ ಅವು ಕೂಡಿಕೊಂಡಿದ್ದರೂ ವಿದ್ಯುತ್ತು ದಾಟಲಾರದು. ನುಣುಪಾದ ಅರದಿಂದ ಲಘುವಾಗಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಅದ್ದಿದ ಸ್ವಚ್ಛವಾದ ರಟ್ಟಿನ ಚೂರನ್ನು ನಡುವೆ ಎಳೆದರೆ ಪೊರೆಯು ಹೋಗುತ್ತದೆ. ಅನಂತರ ಸಂದನ್ನು ಸರಿಪಡಿಸಬೇಕು. ಉಬ್ಬು ಪಾಯಿಂಟುಗಳನ್ನು ಪೂರ್ತಿಯಾಗಿ ಬೇರ್ಪಡಿಸಿದ ಸ್ಥಿತಿಯಲ್ಲಿ ಅವುಗಳ ನಡುವಿನ ಅಂತರವು ಸುಮಾರು 0.5 ಮಿಲಿಮೀಟರ್ ಇರಬೇಕು. ಇದನ್ನು ಫೀಲರ್ ಗೇಜ್ ಎಂಬ ತೆಳುವಾದ ಉಕ್ಕಿನ ಪಟ್ಟಿಯಿಂದ ಅಳೆಯುತ್ತಾರೆ. ಸಂದು ಹೆಚ್ಚಾದರೆ ಪಾಯಿಂಟುಗಳು ಬೇಗ ತೆರೆದು ಕಿಡಿಯು ಹೊತ್ತಿಗೆ ಮುಂಚೆ ಬರುತ್ತದೆ. ಕಡಿಮೆಯಾದರೆ ತಡವಾಗಿ ಬರುತ್ತದೆ. ಅರ್ಧ ಮಿಲಿಮೀಟರಿನ ಲೆಕ್ಕ ತಪ್ಪಿದರೆ ಹತ್ತು ಅಶ್ವಶಕ್ತಿಯ ಯಂತ್ರವೂ ಮೊಂಡು ಹಿಡಿಯುತ್ತದೆ.

ಪಾಯಿಂಟುಗಳು ಸುಟ್ಟು ಕಪ್ಪಾಗಿದ್ದರೆ ಕಂಡೆನ್ಸರಿನ ಮೇಲೆ ಸಂದೇಹಪಡಬೇಕು. ತನ್ನ ಪಾಲಿನ ವಿದ್ಯುತ್ತನ್ನು ಅದು ಹೀರಿಕೊಳ್ಳುತ್ತಿಲ್ಲವೆಂದು ಅರ್ಥ. ಕಾಯಿಲಿನ ವಿಷಯವೂ ಅಷ್ಟೇ ಮುಖ್ಯ. ಆ ದಶಕಗಳ ಕಾಯಿಲುಗಳ ಹೊದಿಕೆಯು ವಯಸ್ಸಾದಂತೆ ಕಾವಿಗೂ ತೇವಕ್ಕೂ ಸಿಕ್ಕಿ ಬಿರುಕು ಬಿಡುತ್ತದೆ. ಬಿರುಕಿನ ಮೂಲಕ ವಿದ್ಯುತ್ತು ಸೋರಿಹೋಗುತ್ತದೆ. ಬಿರುಕು ಬಿಟ್ಟ ಕಾಯಿಲಿಗೆ ರಿಪೇರಿಯಿಲ್ಲ, ಬದಲಿಸುವುದೊಂದೇ ದಾರಿ. ಬಿರುಕು ಕಣ್ಣಿಗೆ ಕಾಣದಿದ್ದರೆ ಯಂತ್ರದಲ್ಲಿಯೇ ಒಂದು ಅಗ್ಗದ ಪರೀಕ್ಷೆ ಸಿದ್ಧವಾಗಿದೆ. ಎರಡು ಜೊತೆಗಳಲ್ಲಿ ಒಂದು ಸರಿಯಾಗಿದೆಯಷ್ಟೆ. ಅದರ ಕಂಡೆನ್ಸರನ್ನು ಕೆಟ್ಟ ಜೊತೆಗೂ ಕೆಟ್ಟ ಜೊತೆಯದನ್ನು ಇದಕ್ಕೂ ಅದಲುಬದಲು ಮಾಡಿ ನೋಡಬೇಕು. ದೋಷವು ಕಂಡೆನ್ಸರಿನ ಜೊತೆಗೇ ಇನ್ನೊಂದು ಸಿಲಿಂಡರಿಗೆ ಹೋದರೆ ಅಪರಾಧಿಯು ಅದೇ. ದೋಷವು ಇದ್ದಲ್ಲಿಯೇ ಉಳಿದರೆ ಕಂಡೆನ್ಸರು ನಿರಪರಾಧಿ. ಮುಂದಿನ ಸರದಿ ಕಾಯಿಲಿನದು.

ಕೆಲವೊಮ್ಮೆ ದೋಷವು ಕಣ್ಣಾಮುಚ್ಚಾಲೆ ಆಡುವುದುಂಟು. ಬೆಳಿಗ್ಗೆ ಮೊದಲ ಎಳೆತಕ್ಕೇ ಚಾಲೂ ಆದ ಯಂತ್ರವು ಇಪ್ಪತ್ತು ನಿಮಿಷ ಓಡಿ ನಿಂತುಬಿಡುತ್ತದೆ. ಎಷ್ಟು ಎಳೆದರೂ ಮಿಸುಕುವುದಿಲ್ಲ. ಅರ್ಧ ಗಂಟೆಯ ಬಳಿಕ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತದೆ. ಇದರಲ್ಲಿ ಯಾವ ಮಾಯೆಯೂ ಇಲ್ಲ. ತಣ್ಣಗಿದ್ದಾಗ ಕೂಡಿಕೊಂಡಿರುವ ಕಾಯಿಲಿನ ಒಳಬಿರುಕು ಕಾವಿಗೆ ಹಿಗ್ಗಿ ತೆರೆದುಕೊಳ್ಳುತ್ತದೆ. ಆರಿದ ಮೇಲೆ ಮತ್ತೆ ಕೂಡುತ್ತದೆ. ಕಂಡೆನ್ಸರೂ ಹೀಗೆಯೇ ಕಾವಿಗೆ ಸೋಲುವುದುಂಟು. ಮನೆಯಂಗಳದಲ್ಲಿ ತಣ್ಣಗಿನ ಯಂತ್ರವನ್ನು ಪರೀಕ್ಷಿಸಿದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ರೋಗಿಯನ್ನು ಜ್ವರವಿರುವಾಗಲೇ ನೋಡಬೇಕಾದಂತೆ, ಇಂಥ ಯಂತ್ರವನ್ನು ಅದು ಕಾವೇರಿ ನಿಂತ ಗಳಿಗೆಯಲ್ಲಿಯೇ ಪರೀಕ್ಷಿಸಬೇಕು.

ಕಿಡಿಯಿದ್ದೂ ಯಂತ್ರವು ನಡೆಯದಿರುವ ಸಂದರ್ಭವೂ ಒಂದಿದೆ. ಫ್ಲೈವೀಲು ದಂಡದ ಮೇಲೆ ಜಾರದಂತೆ ಅವೆರಡರ ನಡುವೆ ಒಂದು ಪುಟ್ಟ ಲೋಹದ ಬೆಣೆಯನ್ನು ಇಟ್ಟಿರುತ್ತಾರೆ. ಮೇಲಿನ ನಟ್ಟು ಸಡಿಲವಾಗಿದ್ದರೆ ಆ ಬೆಣೆಯು ಕತ್ತರಿಸಿಹೋಗಿ ಚಕ್ರವು ಸ್ವಲ್ಪ ಸರಿಯುತ್ತದೆ. ಆಗ ಚಕ್ರದ ಅಯಸ್ಕಾಂತವು ಒಂದು ಕಡೆ, ಪಾಯಿಂಟು ತೆರೆಯುವ ಗಳಿಗೆಯು ಒಂದು ಕಡೆ ಆಗಿ, ಎರಡಕ್ಕೂ ಹೊಂದಿಕೆ ತಪ್ಪುತ್ತದೆ. ಕಿಡಿಯು ಹಾರಿದರೂ ಅದರಲ್ಲಿ ಬಲವಿರುವುದಿಲ್ಲ. ಕಾಣುವ ಬೆಣೆಯು ಬೆರಳಿನ ಉಗುರಿನಷ್ಟಿಲ್ಲ. ಇಡೀ ಯಂತ್ರದ ಹೊಂದಿಕೆಯು ಅದನ್ನೇ ನಂಬಿದೆ. ಆದಕಾರಣ ಎತ್ತಿದ ಫ್ಲೈವೀಲನ್ನು ಮರಳಿ ಕೂರಿಸುವಾಗ ಬೆಣೆಯನ್ನು ನೋಡಿ, ನಟ್ಟನ್ನು ತಯಾರಕರು ಹೇಳಿದಷ್ಟು ಬಿಗಿಯಾಗಿ ಕಟ್ಟುವುದು ಅವಶ್ಯ.

ಈ ಹುಡುಕಾಟದ ಉದ್ದಕ್ಕೂ ಮೂರು ನಿಯಮಗಳು ಎದ್ದು ಕಾಣುತ್ತವೆ. ಸುಲಭವಾದುದನ್ನು ಮೊದಲು, ಕಠಿನವಾದುದನ್ನು ಅನಂತರ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪ್ಲಗ್ಗು, ಪಾಯಿಂಟು, ಕಂಡೆನ್ಸರು ಎಲ್ಲವನ್ನೂ ಒಟ್ಟಿಗೆ ಬದಲಿಸಿದವನ ಯಂತ್ರವು ನಡೆದರೂ ನಡೆಯಬಹುದು; ಆದರೆ ಯಾವುದು ಕೆಟ್ಟಿತ್ತೆಂದು ಅವನಿಗೆ ಎಂದಿಗೂ ತಿಳಿಯದು. ನಡೆಯದಿದ್ದರಂತೂ ಹಣವೂ ಹೋಯಿತು, ತಿಳಿವೂ ಬರಲಿಲ್ಲ. ಮೂರನೆಯದಾಗಿ, ಊಹೆಯನ್ನು ಪರೀಕ್ಷೆಯಿಂದ ಒರೆಹಚ್ಚದೆ ನಂಬಬಾರದು. ಕಾಯಿಲು ಕೆಟ್ಟಿರಬೇಕು ಎಂಬುದು ಊಹೆ; ಅದಲುಬದಲು ಮಾಡಿದಾಗ ದೋಷವು ಕಾಯಿಲಿನ ಜೊತೆಗೆ ಹೋಯಿತು ಎಂಬುದು ಪ್ರಮಾಣ. ವೈದ್ಯನು ರೋಗವನ್ನು ಗುರುತಿಸುವುದೂ, ವಿಜ್ಞಾನಿಯು ಪ್ರಯೋಗಶಾಲೆಯಲ್ಲಿ ಸತ್ಯವನ್ನು ಅರಸುವುದೂ ಇದೇ ಕ್ರಮದಿಂದ.

1970ರ ದಶಕದಿಂದ ಈಚೆಗೆ ಔಟ್‌ಬೋರ್ಡ್ ಯಂತ್ರಗಳಲ್ಲಿ ಪಾಯಿಂಟುಗಳ ಸ್ಥಾನವನ್ನು ಎಲೆಕ್ಟ್ರಾನಿಕ್ ವ್ಯವಸ್ಥೆಯು ಕ್ರಮೇಣ ಆಕ್ರಮಿಸಿತು. ಉಜ್ಜಲು ಪೊರೆಯಿಲ್ಲ, ಅಳೆಯಲು ಸಂದಿಲ್ಲ. ಆದರೂ ಪ್ಲಗ್ಗು, ತಂತಿ, ಕಾಯಿಲು, ನಿಲ್ಲಿಸುವ ಸ್ವಿಚ್ಚು ಇವು ಅಲ್ಲಿಯೂ ಇವೆ. ಉಪ್ಪೂ ತೇವವೂ ಅವನ್ನು ಬಿಟ್ಟಿಲ್ಲ. ಯಂತ್ರವು ಹೊಸದಾದರೂ ಹುಡುಕಾಟದ ಕ್ರಮವು ಹಳೆಯದೇ.

ಆದರೆ ಹುಡುಕಾಟಕ್ಕೂ ಸ್ಥಳ ಕಾಲಗಳ ವಿವೇಕವಿರಬೇಕು. ಫ್ಲೈವೀಲನ್ನು ಎತ್ತುವುದು ದಡದ ಮೇಲಿನ ಕೆಲಸ. ತೂಗಾಡುವ ದೋಣಿಯಲ್ಲಿ ಕೈಜಾರಿದ ಒಂದು ನಟ್ಟು ಸಮುದ್ರದ ಪಾಲಾದರೆ ಯಂತ್ರವೂ ಅದರೊಡನೆ ಹೋದಂತೆಯೇ. ನೀರಿನ ನಡುವೆ ಯಂತ್ರವು ನಿಂತರೆ ಮೊದಲು ದೋಣಿಯ ಕ್ಷೇಮ, ಅನಂತರ ಯಂತ್ರದ ಚಿಂತೆ. ಲಂಗರು ಹಾಕಿ ದೋಣಿಯ ಮುಖವನ್ನು ಅಲೆಯ ಕಡೆಗೆ ನಿಲ್ಲಿಸಬೇಕು. ಬಳಿಕ ಪ್ಲಗ್ಗನ್ನು ಬದಲಿಸಿ, ತೇವವನ್ನು ಒರೆಸಿ, ಸ್ವಿಚ್ಚಿನ ತಂತಿಯನ್ನು ನೋಡಬಹುದು. ಅಷ್ಟರಿಂದ ಸರಿಹೋಗದಿದ್ದರೆ ಹುಟ್ಟನ್ನು ಕೈಗೆತ್ತಿಕೊಳ್ಳುವುದೇ ಜಾಣತನ. ಒಂದು ಪ್ಲಗ್ಗು, ಅದನ್ನು ಬಿಚ್ಚುವ ಸ್ಪ್ಯಾನರು, ಒಣಬಟ್ಟೆ, ಲಂಗರು, ಜೀವರಕ್ಷಕ ಜಾಕೆಟ್ಟು ಮತ್ತು ಹುಟ್ಟು ಇವಿಷ್ಟಿಲ್ಲದೆ ಯಾವ ದೋಣಿಯೂ ದಡವನ್ನು ಬಿಡಬಾರದು. ಹುಟ್ಟುಗಳನ್ನು ಎಸೆದುಬಿಡಿರಿ ಎಂಬುದು ಜಾಹೀರಾತಿಗೆ ಶೋಭಿಸುವ ಮಾತು. ಸಮುದ್ರವನ್ನು ಬಲ್ಲವರು ಅದನ್ನು ಪಾಲಿಸಲಾರರು.

ದೋಷವು ಬಂದ ಮೇಲೆ ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಮೇಲು. ಉಪ್ಪುನೀರಿನಲ್ಲಿ ದುಡಿದು ಬಂದ ಯಂತ್ರವನ್ನು ಸಿಹಿನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ನಡೆಸಬೇಕು. ನೀರಿನ ಹೊರಗೆ ಬರಿದೇ ಓಡಿಸಿದರೆ ಯಂತ್ರವನ್ನು ತಂಪಾಗಿಡುವ ನೀರಿನ ಪಂಪಿನ ರಬ್ಬರು ಸುಟ್ಟುಹೋಗುತ್ತದೆ. ಮೇಲಿನ ಮುಚ್ಚಳವನ್ನು ತೆಗೆದು ತೇವವನ್ನು ಒರೆಸಿ, ಗಾಳಿಯಾಡುವ ಒಣ ಜಾಗದಲ್ಲಿ ಇಡಬೇಕು. ಪ್ಲಗ್ಗುಗಳನ್ನು ಆಗಾಗ ಬಿಚ್ಚಿ ನೋಡಬೇಕು. ಇವು ದಿನಕ್ಕೆ ಕೆಲವು ನಿಮಿಷಗಳ ಕೆಲಸ. ಅಳಿವೆಯ ಬಾಯಲ್ಲಿ ದೊಡ್ಡ ಅಲೆಯೊಂದು ಎದುರಾದಾಗ ದೋಣಿಯಲ್ಲಿರುವವರ ಪ್ರಾಣವು ಒಂದು ಮಿಲಿಮೀಟರೂ ಇಲ್ಲದ ಸಂದಿನಲ್ಲಿ ಹಾರುವ ಕಿಡಿಯನ್ನು ಅವಲಂಬಿಸಿರುತ್ತದೆ. ಆ ಕಿಡಿಯು ತಪ್ಪದೆ ಹಾರುವಂತೆ ನೋಡಿಕೊಳ್ಳುವ ಕೆಲಸವು ದೋಣಿಯು ದಡದಲ್ಲಿರುವಾಗಲೇ ಮುಗಿದಿರಬೇಕು.